ಬಿಟ್ಟು ಬಂದವರ ಸಾಲ

ನಾನು ಅಕ್ಷರ ಕಲಿತದ್ದು ಸರ್ಕಾರಿ ಉರ್ದು ಶಾಲೆಯಲ್ಲಿ, ಮುಂದೆ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ನನ್ನ ಮಗಳು ಓದುತ್ತಿರುವುದು ಖಾಸಗಿ ಶಾಲೆಯಲ್ಲಿ. ಆದರೂ ಸರ್ಕಾರಿ ಶಾಲೆ ಉಳಿಯಬೇಕೆಂದು ಸಭೆಗಳಲ್ಲಿ ಮಾತನಾಡುತ್ತೇನೆ. ಈ ಮಾತಿಗೆ ಬೆಲೆಯೇನು?

ಸರ್ಕಾರದ ಸಂಬಳ ಪಡೆಯುವವರ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದುವಂತೆ ಮಾಡಬೇಕೆಂದು 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತು. ಓದಿ ಖುಷಿಪಟ್ಟೆ. ನಾನು ಸರ್ಕಾರಿ ನೌಕರನಲ್ಲ. ಆ ಆದೇಶ ನನ್ನ ಮನೆಬಾಗಿಲಿಗೆ ಬರುವಂತಿರಲಿಲ್ಲ!

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ನಿರ್ವಹಣಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮಕ್ಕಳ ಪೋಷಕರೇ ಆಗಿರಬೇಕು. ನಮ್ಮಲ್ಲಿ ಅದನ್ನು ಎಸ್‌ಡಿಎಂಸಿ ಎನ್ನುತ್ತಾರೆ. ಆದರೆ ನಗರದ ಸರ್ಕಾರಿ ಶಾಲೆಯಲ್ಲಿ ಉಳಿದಿರುವ ಪೋಷಕರು ಯಾರು? ಬೀಡಿ ಕಟ್ಟುವವರು, ಮನೆಗೆಲಸದವರು, ಗಾರೆ ಕೆಲಸದವರು. ಸಭೆಗೆ ಬಂದರೆ ಅಂದಿನ ಕೂಲಿ ಹೋಯಿತು. ಶೌಚಾಲಯಕ್ಕೆ ನೀರಿಲ್ಲವೆಂದು ಅರ್ಜಿ ಬರೆದು, ಕಚೇರಿಯಿಂದ ಕಚೇರಿಗೆ ಅಲೆಯುವ ಬಿಡುವು ಅವರಿಗೆಲ್ಲಿ? ಅರ್ಜಿ ಬರೆಯಬಲ್ಲ ನಾವು ಹೊರಗೆ ಬಂದುಬಿಟ್ಟೆವು.

ಮಗುವಿಗೆ ಒಳ್ಳೆಯದನ್ನು ಬಯಸುವುದು ತಪ್ಪಲ್ಲ. ಆದರೆ ಮಗುವಿನ ಜೊತೆ ನಮ್ಮ ದನಿಯನ್ನೂ ಆ ಶಾಲೆಯಿಂದ ಕರೆತಂದೆವು. ಅದು ತೀರದ ಸಾಲ. ಮಗಳನ್ನು ಮರಳಿ ಅಲ್ಲಿ ಸೇರಿಸುವ ಧೈರ್ಯ ನನಗಿಲ್ಲ. ನೀರಿನ ಆ ಅರ್ಜಿಯನ್ನಾದರೂ ನಾನು ಬರೆಯಬಹುದಲ್ಲ?