ಟ್ಯಾಬ್ ಒತ್ತಿದ್ದು ಯಾರು?

ವಿಎಸ್ ಕೋಡ್‌ನಲ್ಲಿ ‘ಟಿಸಿ’ ಅಂತ ಎರಡಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಸಾಕು, ನನ್ನ ಟ್ರೈ-ಕ್ಯಾಚ್ ಸ್ನಿಪೆಟ್ ಬಂದು ಕೂರುತ್ತಿತ್ತು. ಕ್ಯಾಚ್ ಒಳಗೆ ಏನೂ ಇಲ್ಲ. ಆಮೇಲೆ ತುಂಬಿಸೋಣ ಅಂತ ಬಿಟ್ಟಿದ್ದೆ. ಎರರ್ ಬಂದರೆ ಸದ್ದಿಲ್ಲದೆ ನುಂಗಿಬಿಡೋದು.

ಟೀಮಿಗೆ ಹೊಸದಾಗಿ ಬಂದ ಹುಡುಗಿಗೆ ನನ್ನ ಸ್ನಿಪೆಟ್ ಫೈಲ್ ಕೊಟ್ಟೆ, ಉಪಕಾರ ಅಂತಲೇ. ಎರಡು ತಿಂಗಳಾದ ಮೇಲೆ ನೋಡಿದರೆ ಅವಳ ಕೋಡಿನಲ್ಲಿ ಫೇಲಾದ ಪೇಮೆಂಟುಗಳು ಯಾರ ಕಣ್ಣಿಗೂ ಬೀಳದೆ ಮಾಯವಾಗಿದ್ದವು. ಮೀಟಿಂಗಿನಲ್ಲಿ ಬೈಸಿಕೊಂಡಳು. ನಾನು ಲ್ಯಾಪ್‌ಟಾಪ್ ನೋಡುತ್ತಾ ಕೂತಿದ್ದೆ.

ಸಂಜೆ ಇಂದಿರಾನಗರ ಮೆಟ್ರೋ ಮೆಟ್ಟಿಲು ಹತ್ತುತ್ತಾ ನನ್ನ ಪರವಾಗಿ ನಾನೇ ವಾದ ಹೂಡಿದೆ: ಟ್ಯಾಬ್ ಒತ್ತಿದ್ದು ಅವಳು, ರಿವ್ಯೂ ಮಾಡಿದ್ದು ಇನ್ನೊಬ್ಬರು. ವಾದ ನಿಲ್ಲಲಿಲ್ಲ. ಕಂಟ್ರೋಲ್-ಡಿ ಥರದ ಶಾರ್ಟ್‌ಕಟ್ ಬೆರಳಿನ ಕೆಲಸ ಉಳಿಸುತ್ತೆ, ಕಣ್ಣು ಅಲ್ಲೇ ಇರುತ್ತೆ. ಸ್ನಿಪೆಟ್ ಒಳಗೆ ಒಂದು ತೀರ್ಮಾನ ಮೊದಲೇ ಆಗಿಹೋಗಿರುತ್ತೆ. ಅದನ್ನು ಮಾಡಿದ್ದು ನಾನು. ಅವಳು ನಂಬಿದಳು, ಅಷ್ಟೇ.

ಮರುದಿನ ಟೀಮಿನ ಗ್ರೂಪಿನಲ್ಲಿ ಇದನ್ನೇ ಬರೆದೆ. “ನಾನೂ ಓದಬೇಕಿತ್ತು, ಬಿಡಿ ಸರ್” ಅಂದಳು. ಬೈದವರು ಒಂದು ಥಂಬ್ಸ್ ಅಪ್ ಹಾಕಿ ಸುಮ್ಮನಾದರು.

ಈಗ ಸ್ನಿಪೆಟ್‌ನಲ್ಲಿ ‘ಡಾಲರ್ 1’ ಅನ್ನು ಕ್ಯಾಚ್ ಒಳಗೆ ಇಟ್ಟಿದ್ದೇನೆ. ಟ್ಯಾಬ್ ಒತ್ತಿದ ತಕ್ಷಣ ಕರ್ಸರ್ ಮೊದಲು ಅಲ್ಲೇ ಹೋಗಿ ನಿಲ್ಲುತ್ತೆ.