ಕಣ್ಣು ಯಾರ ಸೊತ್ತು?

ಹಾಲೆಂಡಿನ ಡೆಲ್ಫ್ಟ್ ಊರಿನ ಲೀವನ್‌ಹಾಕ್ ಬಟ್ಟೆ ವ್ಯಾಪಾರಿ. ಲ್ಯಾಟಿನ್ ಬಾರದವನು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನು. ತಾನೇ ಉಜ್ಜಿದ ಪುಟ್ಟ ಮಸೂರದಲ್ಲಿ ನೀರಿನ ಹನಿಯೊಳಗಿನ ಜೀವಿಗಳನ್ನು ಕಂಡ. 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಡಚ್ ಮಾತಿನಲ್ಲೇ ಕಾಗದ ಬರೆದ. ಓದಿದೋರಿಗೆ ಮಾತ್ರ ಕಣ್ಣಿದೆ ಅನ್ನೋರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಿಲ್ಲ. ಆದರೆ ಅದೇ ಮನುಷ್ಯ ತನ್ನ ಉತ್ತಮ ಮಸೂರಗಳನ್ನು ಬೇರೆಯವರ ಕೈಗೆ ಕೊಡಲಿಲ್ಲ. ಮಾಡೋ ಗುಟ್ಟನ್ನೂ ಬಿಡಲಿಲ್ಲ. 1677ರಲ್ಲಿ ರಾಬರ್ಟ್ ಹುಕ್ ಆ ಜೀವಿಗಳನ್ನು ಸೊಸೈಟಿಯವರ ಕಣ್ಣೆದುರೇ ತೋರಿಸಿದ. ಆಗಲೇ ಒಬ್ಬನ ನೋಟ ಎಲ್ಲರ ತಿಳಿವಳಿಕೆಯಾಗಿದ್ದು.

ಇನ್ನೊಬ್ಬರ ಕಣ್ಣಿಗೆ ಸಿಗದ ಸತ್ಯ ಸತ್ಯವೇ? ಸೂಕ್ಷ್ಮದರ್ಶಕದ ಮುಂದೆ ಕೂರುವ ಮುಂಚೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಇವತ್ತು ಒಂದು ಒಳ್ಳೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬೆಲೆ ಕೋಟಿಗಳ ಲೆಕ್ಕ. ಒಂದೊಂದು ಪ್ರಯೋಗಾಲಯಕ್ಕೂ ಒಂದೊಂದು ಕೊಳ್ಳೋದು ಆಗದ ಮಾತು. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಹಂಚಿಕೊಂಡು ಬಳಸುವ ಕೇಂದ್ರಗಳಿವೆ. ಸರ್ಕಾರಿ ಹಣದ ಉಪಕರಣ ಎಲ್ಲೆಲ್ಲಿದೆ ಅನ್ನೋದು ಹೊರಗಿನ ಸಂಶೋಧಕರಿಗೂ ತಿಳೀಲಿ ಎಂದು 2020ರಲ್ಲಿ ಐ-ಸ್ಟೆಮ್ ಜಾಲತಾಣ ಶುರುವಾಯಿತು. ಇದು ಯಾರ ದಾನವೂ ಅಲ್ಲ. ಸೋಪು, ಬೆಂಕಿಪೊಟ್ಟಣ ಕೊಂಡ ಕೂಲಿಯವಳ ತೆರಿಗೆಯೂ ಆ ಯಂತ್ರದಲ್ಲಿದೆ.

ಆದರೆ ‘ಎಲ್ಲರದು’ ಅಂತ ಬೋರ್ಡು ಹಾಕಿದ ಮಾತ್ರಕ್ಕೆ ಎಲ್ಲರದಾಗುತ್ತದೆಯೇ? ಊರ ಬಾವಿಯ ಹೆಸರಲ್ಲಿ ಊರೇ ಇತ್ತು. ಹಗ್ಗ ಇಳಿಬಿಡೋ ಹಕ್ಕು ಮಾತ್ರ ಕೆಲವರದು. ಗಂಟೆಯ ಬಾಡಿಗೆ, ಇಂಗ್ಲಿಷ್ ಅರ್ಜಿ, ಬಸ್ಸು ಹಿಡಿದು ಬರೋ ಖರ್ಚು ಇವೂ ಹಗ್ಗದ ಹಾಗೆಯೇ. ಜಿಲ್ಲೆಯ ಕಾಲೇಜಿನ ಹುಡುಗಿ ದೂರದಿಂದ ಬಂದು ಪಡೆಯೋದು ಒಂದು ಮಧ್ಯಾಹ್ನ. ಯೋಚಿಸದೆ ಬಂದು ನಾವು ವ್ಯರ್ಥ ಮಾಡೋ ಗಂಟೆ ಅವಳ ಗಂಟೆ. ಆದ್ದರಿಂದ ತಯಾರಿ ಅನ್ನೋದು ಬರೀ ಜಾಣತನವಲ್ಲ, ಋಣ.

ತಯಾರಿ ಅಂದ್ರೆ ಏನು? ಮೊದಲು ಪ್ರಶ್ನೆ, ಆಮೇಲೆ ಯಂತ್ರ. ‘ಒಳ್ಳೆ ಚಿತ್ರ ಬೇಕು’ ಅನ್ನೋದು ಪ್ರಶ್ನೆಯಲ್ಲ. ಬೆಳಕಿನ ಗುಣವೇ ನೋಟಕ್ಕೆ ಎಲ್ಲೆ ಹಾಕುತ್ತದೆ ಎಂದು 1873ರಲ್ಲಿ ಅರ್ನ್ಸ್ಟ್ ಅಬ್ಬೆ ತೋರಿಸಿದ. ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಚುಕ್ಕಿ ಸಾಮಾನ್ಯ ಬೆಳಕಿನ ಯಂತ್ರಕ್ಕೆ ಒಂದೇ ಚುಕ್ಕಿ. ಆ ಎಲ್ಲೆ ದಾಟುವ ದಾರಿ ಕಂಡವರಿಗೆ 2014ರಲ್ಲಿ ನೊಬೆಲ್ ಬಂತು. ಹಾಗಂತ ನಮ್ಮ ಪ್ರಶ್ನೆಗೆಲ್ಲ ಅಷ್ಟು ದೊಡ್ಡ ಯಂತ್ರವೇ ಬೇಕಿಲ್ಲ. ಯಾವುದು ಸಾಕು ಅನ್ನೋದನ್ನ ಯಂತ್ರ ನಡೆಸುವವರ ಹತ್ತಿರ ಕೇಳಬೇಕು, ಮಾದರಿ ಕತ್ತರಿಸುವ ಮುಂಚೆಯೇ ಕೇಳಬೇಕು. ಹೆಚ್ಚಿನ ಮಸೂರಗಳು 0.17 ಮಿಲಿಮೀಟರ್ ದಪ್ಪದ ಮುಚ್ಚುಗಾಜಿಗೆಂದೇ ಮಾಡಿದವು ಅನ್ನೋ ಸಣ್ಣ ಮಾತು ಅವರ ನಾಲಿಗೆ ತುದಿಯಲ್ಲಿರುತ್ತದೆ. ಅವರನ್ನು ಗುಂಡಿ ಒತ್ತುವವರು ಅಂತ ಕಂಡರೆ ನಾವು ಕುರುಡರೇ. ಪ್ರಬಂಧ ಅಚ್ಚಾದಾಗ ಅವರ ಹೆಸರು ಮರೆಯೋದು ಶ್ರಮದ ಕಳವು.

ಬಣ್ಣ ಹಾಕಿದ ಮಾದರಿಯ ಪಕ್ಕ ಬಣ್ಣ ಹಾಕದ್ದೂ ಇರಬೇಕು. ಹಸಿರು ಎಲೆ ತನ್ನಷ್ಟಕ್ಕೇ ಕೆಂಪಾಗಿ ಹೊಳೆಯುತ್ತದೆ. ಹೋಲಿಕೆ ಇಲ್ಲದಿದ್ದರೆ ಅದನ್ನೇ ನಮ್ಮ ಶೋಧ ಅಂದುಕೊಂಡೇವು. ಇನ್ನೊಂದು ಮಾತು: ನೋಡೋದು ನಿರಪರಾಧವಲ್ಲ. ಲೇಸರ್ ಬಿದ್ದಷ್ಟೂ ಹೊಳೆಯುವ ಬಣ್ಣ ಮಾಸುತ್ತದೆ, ಜೀವಂತ ಕೋಶ ನಲುಗುತ್ತದೆ. ಕಣ್ಣಿನ ದುರಾಸೆಯೂ ಕೊಲ್ಲುತ್ತದೆ.

ಎಷ್ಟು ಕೋಶ ಎಣಿಸಬೇಕು, ಯಾವ ಜಾಗ ಆರಿಸಬೇಕು ಎಂಬುದನ್ನು ಮುಂಚೆಯೇ ಬರೆದಿಡಬೇಕು. ಇಲ್ಲದಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಹುಡುಕುತ್ತದೆ. ಜರ್ನಲ್ ಆಫ್ ಸೆಲ್ ಬಯಾಲಜಿ ಎಂಬ ಪತ್ರಿಕೆ 2002ರಿಂದ ಚಿತ್ರಗಳನ್ನು ಅಚ್ಚಿಗೆ ಮುಂಚೆ ಪರೀಕ್ಷಿಸತೊಡಗಿತು. ಇಡೀ ಚಿತ್ರಕ್ಕೆ ಒಂದೇ ಸಮನಾಗಿ ಬೆಳಕು ಹೆಚ್ಚಿಸಬಹುದು. ಒಂದು ಮೂಲೆಯನ್ನಷ್ಟೇ ಬೆಳಗಿಸಿ ಇನ್ನೊಂದನ್ನು ಕತ್ತಲಲ್ಲಿಟ್ಟರೆ ಅದು ಸುಳ್ಳು. ಸಮಾಜದಲ್ಲಿ ಈ ಸುಳ್ಳಿನ ಪರಿಚಯ ನಮಗೆ ಚೆನ್ನಾಗಿಯೇ ಇದೆ.

ಗೆಳೆಯರೇ, ಮೂಲ ಚಿತ್ರವನ್ನು ಹಾಗೇ ಉಳಿಸಿಡೋಣ, ಯಾರು ಕೇಳಿದರೂ ತೋರಿಸೋಣ. ಏಳುವ ಮುಂಚೆ ಮಸೂರಕ್ಕೆ ಹತ್ತಿದ ಎಣ್ಣೆ ಒರೆಸೋಣ. ಮುಂದಿನ ಸರದಿಯವಳು ಬಾಗಿಲಲ್ಲಿ ನಿಂತಿದ್ದಾಳೆ.