ಕಾಯಕಕ್ಕೆ ಮಿತಿಯುಂಟೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಗೃಹಿಣಿಗೆ ಬೆಳಗಾದರೆ ಕೊಟ್ಟಿಗೆ, ಒಲೆ, ಶಾಲೆಗೆ ಹೊರಟ ಮಗು, ಕಂಕುಳಲ್ಲಿ ಕೂಸು; ಬಳಿಕ ತೋಟದ ಕೆಲಸ. ಇವುಗಳ ನಡುವೆ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಒಂದು ಗಳಿಗೆ ತನ್ನೊಳಗೆ ತಾನಿರಲು ಅವಳಿಗೆ ವೇಳೆಯೆಲ್ಲಿ?

ಕಾಯಕವೇ ಪೂಜೆಯಾಗಿರಲು ಬೇರೆ ವೇಳೆ ಏತಕ್ಕೆಂದು ಕೆಲವರು ಸಮಾಧಾನ ಹೇಳುವರು. ಆಯ್ದಕ್ಕಿ ಮಾರಯ್ಯನವರು ಲಿಂಗಪೂಜೆಗಿಂತಲೂ ಕಾಯಕವನ್ನು ಮುಂದಿಟ್ಟುದು ನಿಜ. ಆದರೆ ಆ ಮಾತನ್ನು ಅವರ ಮನೆಯಿಂದ ಬೇರ್ಪಡಿಸಿ ಅರಿಯಲಾಗದು. 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಅವರು ಒಮ್ಮೆ ಎಂದಿಗಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಆಸೆಯೆಂದು ಕಂಡು ಹಿಂದಿರುಗಿಸಹೇಳಿದರೆಂಬುದು ಶರಣಪರಂಪರೆ. ಕಾಯಕದ ಮಹಿಮೆಯನ್ನು ಪತಿ ಸಾರಿದರು. ಅದರ ಮಿತಿಯನ್ನು ಸತಿ ತೋರಿದರು.

ಆದುದರಿಂದ ಸಾಧನೆಯ ವೇಳೆಯನ್ನು ಮಕ್ಕಳ ಪಾಲಿನಿಂದ ಕಸಿಯಬೇಕಾಗಿಲ್ಲ. ಅಗತ್ಯವನ್ನು ಮೀರಿದ ದುಡಿಮೆಯಿಂದ ತೆಗೆಯಬೇಕು. ಆಸೆ ಮನೆಯವರದು, ದಣಿವು ಅವಳೊಬ್ಬಳದು ಎಂಬಂತಹ ಸಂಸಾರಗಳೂ ಉಂಟು. ಅಲ್ಲಿ ಗಂಡನು ಒಂದು ಗಳಿಗೆ ಕೂಸನ್ನೆತ್ತಿಕೊಳ್ಳುವುದೂ ದಾಸೋಹವೇ ಸರಿ.

ಮಕ್ಕಳು ದೊಡ್ಡವರಾದ ಮೇಲೆ ನೋಡೋಣವೆಂಬುದೂ ತರವಲ್ಲ. ಅಟ್ಟಕ್ಕೇರಿಸಿದ ತೆಂಗಿನಕಾಯಿ ಹತ್ತು ಹನ್ನೆರಡು ತಿಂಗಳಲ್ಲಿ ತಾನಾಗಿ ನೀರಾರಿ ಉಂಡೆಕೊಬ್ಬರಿಯಾಗುತ್ತದೆ. ಅಟ್ಟಕ್ಕೇರಿಸಿದ ಮನಸ್ಸು ಬರಿದೆ ಒಣಗುತ್ತದೆ. ಅದಕ್ಕೆ ನಿತ್ಯದ ಆರೈಕೆ ಬೇಕು. ಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತ ತಾಯಿಯನ್ನು ಕಂಡು ಬೆಳೆಯುವ ಮಗುವಿಗೆ ಆ ಗಳಿಗೆಯಿಂದ ನಷ್ಟವಿಲ್ಲ; ಮುಂದೆ ಅದು ತಾನೂ ಹಾಗೆ ಕೂರಬಲ್ಲದು.